ಚುಕ್ಕೆಯಷ್ಟು ಗಾಯ: ಒತ್ತಡದ ಬಣ್ಣ ಸಿಂಪಡಿಸುವ ಯಂತ್ರಗಳೂ ಗ್ರಾಮ ಪಂಚಾಯತಿಯ ಹೊಣೆಯೂ

(ಗ್ರಾಮ ಪಂಚಾಯತಿ ಸದಸ್ಯರ ಒಂದು ದಿನದ ತರಬೇತಿ ಕಾರ್ಯಕ್ರಮದಲ್ಲಿ, ಕೈಗಾರಿಕಾ ತರಬೇತಿ ಸಂಸ್ಥೆಯ ನಿವೃತ್ತ ಕಿರಿಯ ತರಬೇತಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಸದಸ್ಯರೆಲ್ಲರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಬಣ್ಣ ಬಳಿಯುವ ಕೆಲಸವನ್ನು ಕುರಿತು ಗ್ರಾಮ ಪಂಚಾಯತಿ ಸದಸ್ಯರ ಮುಂದೆ ಉಪನ್ಯಾಸವೇಕೆ ಎಂಬ ಪ್ರಶ್ನೆ ತಮ್ಮಲ್ಲಿ ಕೆಲವರಿಗಾದರೂ ಮೂಡಿರಬಹುದು. ಕಾರಣ ಸರಳವಾದುದು. ಶಾಲೆಯ ಕೊಠಡಿ, ಅಂಗನವಾಡಿ, ಗ್ರಂಥಾಲಯ, ನೀರಿನ ಮೇಲ್ತೊಟ್ಟಿ, ಬಸ್ ತಂಗುದಾಣ, ಪಂಚಾಯತಿ ಕಚೇರಿಯ ಕಾಂಪೌಂಡು, ಹೀಗೆ ವರ್ಷದಲ್ಲಿ ಒಂದಾದರೂ ಬಣ್ಣದ ಕಾಮಗಾರಿ ನಡೆಯದ ಪಂಚಾಯತಿ ಅಪರೂಪ. ಮೊದಲು ಈ ಕೆಲಸವು ಕುಂಚದಿಂದಲೂ ರೋಲರಿನಿಂದಲೂ ನಡೆಯುತ್ತಿತ್ತು. ಈಗ ಮೇಸ್ತ್ರಿಗಳು ಯಂತ್ರವನ್ನು ಬಾಡಿಗೆಗೆ ತರುತ್ತಾರೆ. ನಾಲ್ಕು ದಿನದ ಕೆಲಸ ಒಂದೂವರೆ ದಿನದಲ್ಲಿ ಮುಗಿಯುತ್ತದೆ. ಯಂತ್ರವನ್ನು ಬಾಡಿಗೆಗೆ ಕೊಡುವವರು ಸ್ವಿಚ್ಚು ಎಲ್ಲಿದೆಯೆಂದು ತೋರಿಸುತ್ತಾರೆ; ಅದನ್ನು ನಿಲ್ಲಿಸುವ ಕ್ರಮವನ್ನು ತೋರಿಸುವವರು ವಿರಳ. ಆ ಕೆಲಸಕ್ಕೆ ಆದೇಶ ನೀಡುವವರು ತಾವು. ಆದುದರಿಂದಲೇ ಈ ಮಾತು ತಮ್ಮ ಮುಂದೆ.

ನಾನು ಈ ವಿಷಯವನ್ನು ಪುಸ್ತಕದಿಂದ ಮೊದಲು ಕಲಿತವನಲ್ಲ. ನನ್ನ ಬಳಿ ತರಬೇತಿ ಪಡೆದು, ಊರಿಗೆ ಮರಳಿ ಪೇಂಟಿಂಗ್ ಮೇಸ್ತ್ರಿಯಾಗಿದ್ದ ಯುವಕನೊಬ್ಬನಿದ್ದ. ಒಂದು ಆಗಸ್ಟ್ ತಿಂಗಳಲ್ಲಿ ಶಾಲೆಯೊಂದರ ಗೋಡೆಗಳಿಗೆ ಬಣ್ಣ ಹಚ್ಚುವ ಕೆಲಸ ಆತನಿಗೆ ದೊರೆಯಿತು. ಮಂಜೂರಾತಿ ತಡವಾಗಿ ಬಂದು, ಕೆಲಸ ಆರಂಭವಾದದ್ದು 13ರಂದು. 15ರ ಬೆಳಿಗ್ಗೆ ಧ್ವಜಾರೋಹಣಕ್ಕೆ ಮುನ್ನ ಮುಗಿಯಲೇಬೇಕೆಂದು ಎಲ್ಲರ ಒತ್ತಾಯ. 14ರ ಮಧ್ಯಾಹ್ನ ಗನ್ನಿನ ಮೂತಿ ಕಟ್ಟಿಕೊಂಡಿತು. ಆತನು ಯಂತ್ರವನ್ನು ನಿಲ್ಲಿಸದೆ, ಮೂತಿಯ ಮೇಲೆ ಅಂಟಿದ್ದ ಬಣ್ಣವನ್ನು ಎಡಗೈಯ ತೋರುಬೆರಳಿನಿಂದ ಒರಸಿದ. ಬಲಗೈ ಟ್ರಿಗರಿನ ಮೇಲೆಯೇ ಇತ್ತು. ಕ್ಷಣಾರ್ಧದಲ್ಲಿ ಬೆರಳಿನ ತುದಿಗೆ ಮುಳ್ಳು ಚುಚ್ಚಿದಂತಾಯಿತು. ನೋಡಿದರೆ ಒಂದು ಚುಕ್ಕೆ. ರಕ್ತವೂ ಹೆಚ್ಚು ಬರಲಿಲ್ಲ. ಥಿನ್ನರಿನಲ್ಲಿ ಕೈ ತೊಳೆದು, ಬಟ್ಟೆ ಸುತ್ತಿ, ಸಂಜೆಯವರೆಗೂ ಕೆಲಸ ಮಾಡಿದ. ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಊದಿದ ಕೈಯಲ್ಲೇ ಧ್ವಜವಂದನೆಗೆ ನಿಂತಿದ್ದನಂತೆ. ಮೂರನೆಯ ದಿನ ಪೇಟೆಯ ಆಸ್ಪತ್ರೆ ಸೇರಿದಾಗ ಬೆರಳು ಕಪ್ಪಗಾಗಿತ್ತು. ಅದನ್ನು ಉಳಿಸಲಾಗಲಿಲ್ಲ.

ಕುಂಚ ಹಿಡಿಯುವುದನ್ನೂ, ಕಂಪ್ರೆಸರ್ ಗನ್ ಬಳಸುವುದನ್ನೂ ಆತನಿಗೆ ನಾನೇ ಕಲಿಸಿದ್ದೆ. ಆದರೆ ಈ ಹೊಸ ಬಗೆಯ ಯಂತ್ರ ಅಂದು ನಮ್ಮ ಕಾರ್ಯಾಗಾರದಲ್ಲಿ ಇರಲಿಲ್ಲ. ಹಳೆಯ ಗನ್ನಿನ ಮೂತಿಯನ್ನು ಬೆರಳಿನಿಂದ ಒರಸುವ ಅಭ್ಯಾಸ ಆತನಿಗೆ ನಮ್ಮಲ್ಲಿಯೇ ಅಂಟಿರಬೇಕು. ಅದನ್ನು ನಾನು ತಡೆದ ನೆನಪಿಲ್ಲ.

ಹಳೆಯ ಯಂತ್ರಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಕಂಪ್ರೆಸರ್ ಬಳಸುವ ಯಂತ್ರದಲ್ಲಿ ಗಾಳಿಯ ರಭಸವು ಬಣ್ಣವನ್ನು ಹನಿಹನಿಯಾಗಿ ಒಡೆದು ಹೊತ್ತೊಯ್ಯುತ್ತದೆ. ಗನ್ನಿನ ಬಳಿ ಗಾಳಿಯ ಒತ್ತಡ ಸಾಮಾನ್ಯವಾಗಿ ಚದರ ಅಂಗುಲಕ್ಕೆ 30ರಿಂದ 60 ಪೌಂಡು. ಕಾರಿನ ಚಕ್ರದಲ್ಲಿ ನಾವು ತುಂಬಿಸುವ ಗಾಳಿ 30ರಿಂದ 35 ಪೌಂಡು ಎಂಬುದನ್ನು ನೆನೆದರೆ ಅದರ ಅಂದಾಜು ಸಿಗುತ್ತದೆ. ಈಗ ಬಂದಿರುವ ಏರ್‌ಲೆಸ್ ಯಂತ್ರದಲ್ಲಿ ಗಾಳಿಯ ಪಾತ್ರವೇ ಇಲ್ಲ. ಪಂಪು ಬಣ್ಣವನ್ನೇ ನೇರವಾಗಿ ಒತ್ತಿ, ಅರ್ಧ ಮಿಲಿಮೀಟರಿನಷ್ಟು ಕಿರಿದಾದ ರಂಧ್ರದಿಂದ ಹೊರದೂಡುತ್ತದೆ. ಇಲ್ಲಿ ಒತ್ತಡ 2000ದಿಂದ 3000 ಪೌಂಡಿನವರೆಗೆ ಏರುತ್ತದೆ. ಮನುಷ್ಯನ ಚರ್ಮವನ್ನು ತೂರಲು ಸುಮಾರು 100 ಪೌಂಡು ಸಾಕು. ಎರಡೂ ಗನ್ನುಗಳು ನೋಡಲು ಒಂದೇ ಬಗೆಯವು, ಹಿಡಿಯುವ ರೀತಿಯೂ ಒಂದೇ. ಹಳೆಯದರಲ್ಲಿ ಕೈ ಪಳಗಿದವನೇ ಹೊಸದರಲ್ಲಿ ಮೋಸಹೋಗುವುದು ಇದರಿಂದಾಗಿ. ಕೈಗವಸು ಹಾಕಿಕೊಂಡರೆ ಸಾಕೆಂದು ತಿಳಿಯುವವರೂ ಇದ್ದಾರೆ. ಈ ಧಾರೆಯು ಸಾಧಾರಣ ಕೈಗವಸನ್ನು ಹಾಗೆಯೇ ಹಾದುಹೋಗುತ್ತದೆ.

ಚರ್ಮದೊಳಗೆ ಹೊಕ್ಕ ಬಣ್ಣ ಅಲ್ಲಿಯೇ ನಿಲ್ಲುವುದಿಲ್ಲ. ಬೆರಳಿನ ನರ, ರಕ್ತನಾಳ, ಸ್ನಾಯುರಜ್ಜುಗಳ ಗುಂಟ ಅಂಗೈಯವರೆಗೂ ಹರಡುತ್ತದೆ. ಬೆರಳೊಳಗೆ ಹಿಗ್ಗಲು ಸ್ಥಳವಿಲ್ಲವಾದ್ದರಿಂದ ಊತವು ರಕ್ತಸಂಚಾರವನ್ನೇ ತಡೆಯುತ್ತದೆ. ಬಣ್ಣದಲ್ಲಿರುವ ದ್ರಾವಕವು ಮಾಂಸಖಂಡವನ್ನು ಕೊಳೆಯಿಸತೊಡಗುತ್ತದೆ. ಇಷ್ಟೆಲ್ಲ ಒಳಗೆ ನಡೆಯುತ್ತಿರುವಾಗ ಹೊರಗೆ ಕಾಣುವುದು ಒಂದು ಚುಕ್ಕೆ ಮಾತ್ರ. ಮೊದಲ ಕೆಲವು ಗಂಟೆ ನೋವೂ ಅಷ್ಟಾಗಿ ಇರುವುದಿಲ್ಲ. ನಾನಾ ದೇಶಗಳ ಆಸ್ಪತ್ರೆಗಳಲ್ಲಿ ದಾಖಲಾದ ಇಂತಹ 435 ಪ್ರಕರಣಗಳನ್ನು ಒಟ್ಟುಗೂಡಿಸಿ 2006ರಲ್ಲಿ ವೈದ್ಯರು ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು ಶೇಕಡಾ 30ರಷ್ಟು ಮಂದಿಯ ಬೆರಳನ್ನೋ ಕೈಯ ಭಾಗವನ್ನೋ ಕತ್ತರಿಸಬೇಕಾಯಿತು. ಬಣ್ಣ, ಥಿನ್ನರುಗಳಂತಹ ವಸ್ತು ಹೊಕ್ಕಾಗ, 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ನಡೆದರೆ ಅಂಗ ಉಳಿಯುವ ಸಾಧ್ಯತೆ ಹೆಚ್ಚೆಂಬುದೂ ಅದರಿಂದಲೇ ತಿಳಿದುಬಂದಿತು.

ಈ 6 ಗಂಟೆಯನ್ನು ನಮ್ಮ ಹಳ್ಳಿಯ ಲೆಕ್ಕದಲ್ಲಿ ಎಣಿಸಿ ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ಗಾಯವಾಯಿತು ಎನ್ನೋಣ. ಊಟದ ಹೊತ್ತಿನವರೆಗೆ ಅದನ್ನು ಯಾರಿಗೂ ಹೇಳುವುದಿಲ್ಲ. ಎರಡಕ್ಕೆ ಹತ್ತಿರದ ಚಿಕಿತ್ಸಾಲಯ, ಅಲ್ಲಿ ಟಿ.ಟಿ. ಚುಚ್ಚುಮದ್ದು, ನೋವಿನ ಮಾತ್ರೆ, ಒಂದು ಪಟ್ಟಿ. ಸಂಜೆ ಊತ ಬಂದ ಮೇಲೆ ತಾಲ್ಲೂಕು ಆಸ್ಪತ್ರೆ. ಶಸ್ತ್ರಚಿಕಿತ್ಸಕರು ಇಲ್ಲದಿದ್ದರೆ ಅಲ್ಲಿಂದ ಜಿಲ್ಲಾ ಆಸ್ಪತ್ರೆ. ಗಡುವು ಐದಕ್ಕೇ ಮುಗಿದಿರುತ್ತದೆ. ಇಂತಹ ಗಾಯವನ್ನು ತಮ್ಮ ವೃತ್ತಿಜೀವನದಲ್ಲಿ ಒಮ್ಮೆಯೂ ಕಾಣದ ವೈದ್ಯರು ಅನೇಕರು. ಆದುದರಿಂದ ಗಾಯಾಳುವಿನೊಡನೆ ಹೋದವರು ಬಾಯಿಬಿಟ್ಟು ಹೇಳಬೇಕು: ಇದು ಮುಳ್ಳು ಚುಚ್ಚಿದ ಗಾಯವಲ್ಲ, ಹೈ ಪ್ರೆಶರ್ ಯಂತ್ರದಿಂದ ಬಣ್ಣ ಒಳಹೊಕ್ಕ ಗಾಯ, ಕೈಯ ಶಸ್ತ್ರಚಿಕಿತ್ಸೆ ಮಾಡಬಲ್ಲವರಿಗೆ ಈಗಲೇ ತೋರಿಸಬೇಕು ಎಂದು. ಬಣ್ಣದ ಡಬ್ಬಿಯನ್ನೂ ಥಿನ್ನರಿನ ಡಬ್ಬಿಯನ್ನೂ, ಕಡೆಯ ಪಕ್ಷ ಅವುಗಳ ಚೀಟಿಯ ಫೋಟೋವನ್ನು ಜೊತೆಗೆ ಒಯ್ಯಬೇಕು. ಗಾಯವನ್ನು ಹಿಸುಕಬಾರದು, ಥಿನ್ನರಿನಿಂದ ಉಜ್ಜಬಾರದು, ದಾರದಿಂದ ಬಿಗಿದು ಕಟ್ಟಬಾರದು. ಕೈಯಿಂದ ಉಂಗುರ, ಕಡಗ ತೆಗೆದು, ಕೈಯನ್ನು ಎತ್ತರಕ್ಕೆ ಹಿಡಿದುಕೊಳ್ಳಬೇಕು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಊಟ ಕೊಡಬಾರದು. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಬೇಕು. ಕೈಯ ಶಸ್ತ್ರಚಿಕಿತ್ಸೆ ದೊರೆಯುವ ಹತ್ತಿರದ ಆಸ್ಪತ್ರೆ ಯಾವುದೆಂಬುದನ್ನು ಕೆಲಸ ಆರಂಭವಾಗುವ ಮೊದಲೇ ಆರೋಗ್ಯ ಇಲಾಖೆಯವರಿಂದ ತಿಳಿದುಕೊಂಡು, ಕೆಲಸದ ಸ್ಥಳದಲ್ಲಿ ಬರೆದಿಡುವುದು ಪಂಚಾಯತಿಗೆ ಒಂದು ಫೋನ್ ಕರೆಯಷ್ಟೇ ಶ್ರಮದ ಕೆಲಸ.

ಇನ್ನು ಗಾಯವೇ ಆಗದಂತೆ ನೋಡಿಕೊಳ್ಳುವ ಬಗೆ. ಮೇಲಿನ ಘಟನೆಯಲ್ಲಿ ಮೂತಿ ಕಟ್ಟಿಕೊಳ್ಳದೆ ಇದ್ದಿದ್ದರೆ ಬೆರಳು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಮೂತಿ ಕಟ್ಟಿಕೊಳ್ಳುವುದು ಬಣ್ಣವನ್ನು ಶೋಧಿಸದೆ ಸುರಿಯುವುದರಿಂದ. ಒಣಗಿದ ಕೆನೆ, ಡಬ್ಬಿಯ ಅಂಚಿನ ಹೆಕ್ಕಳಿಕೆ, ಮರಳಿನ ಕಣ, ಇವುಗಳಲ್ಲಿ ಒಂದು ಸಾಕು. ಹಣ ಉಳಿಸಲೆಂದು ಸುಣ್ಣವನ್ನೇ ಈ ಯಂತ್ರದಲ್ಲಿ ಹೊಡೆಯುವುದನ್ನೂ ಕಂಡಿದ್ದೇನೆ. ದಿನಕ್ಕೆ ಹತ್ತು ಸಲ ಮೂತಿ ಬಿಚ್ಚಬೇಕಾಗುತ್ತದೆ, ಹತ್ತು ಸಲವೂ ಬೆರಳಿಗೆ ಗಂಡಾಂತರ. ಸುಣ್ಣಕ್ಕೆ ಕುಂಚವೇ ಸರಿ. ಬಣ್ಣವನ್ನು ನೈಲಾನ್ ಜಾಲರಿಯಲ್ಲಿ ಶೋಧಿಸಿ ಬಳಸಿದರೆ ಅರ್ಧ ತೊಂದರೆ ಅಲ್ಲಿಯೇ ತೀರುತ್ತದೆ. ಇಂದಿನ ಯಂತ್ರಗಳಲ್ಲಿ ಮೂತಿಯನ್ನು ಹಿಂದುಮುಂದಾಗಿ ತಿರುಗಿಸುವ ವ್ಯವಸ್ಥೆ ಇರುತ್ತದೆ. ಟ್ರಿಗರಿಗೆ ಬೀಗ ಹಾಕಿ, ಹಿಡಿಕೆಯಿಂದ ಮೂತಿಯನ್ನು ತಿರುಗಿಸಿ, ಬೀಗ ತೆರೆದು ಬಕೆಟ್ಟಿನೊಳಗೆ ಒಮ್ಮೆ ಹೊಡೆದರೆ ಕಸ ಹೊರಬೀಳುತ್ತದೆ. ಬೆರಳಾಗಲಿ, ಬಟ್ಟೆಯಾಗಲಿ ಮೂತಿಯ ಎದುರಿಗೆ ಬರಬೇಕಾದ ಅಗತ್ಯವೇ ಇಲ್ಲ.

ಹಾಗೆಯೂ ಬಿಡಿಸದಿದ್ದರೆ ಒತ್ತಡವನ್ನು ಇಳಿಸಿಯೇ ಮೂತಿಯನ್ನು ಬಿಚ್ಚಬೇಕು. ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಸ್ವಿಚ್ಚು ಆರಿಸಿದರೆ ಯಂತ್ರ ನಿಂತಿತು ಎಂದು ಭಾವಿಸುತ್ತಾರೆ. ಮೋಟಾರು ನಿಂತಿರುತ್ತದೆ, ಹೋಸ್ ಪೈಪಿನೊಳಗೆ ಬಣ್ಣವು ಅದೇ ಒತ್ತಡದಲ್ಲಿ ಹಾಗೆಯೇ ಕುಳಿತಿರುತ್ತದೆ. ಸರಿಯಾದ ಕ್ರಮವೆಂದರೆ, ಮೊದಲು ಟ್ರಿಗರಿಗೆ ಬೀಗ ಹಾಕುವುದು. ಸ್ವಿಚ್ಚು ಆರಿಸಿ ಪ್ಲಗ್ಗನ್ನೂ ಕೀಳುವುದು. ಒತ್ತಡದ ಗುಂಡಿಯನ್ನು ಕನಿಷ್ಠಕ್ಕೆ ತಿರುಗಿಸಿ, ಹಿಂತಿರುಗುವ ಪೈಪಿನ ಕವಾಟವನ್ನು ತೆರೆಯುವುದು. ಅನಂತರ ಬೀಗ ತೆಗೆದು, ಗನ್ನನ್ನು ಲೋಹದ ಬಕೆಟ್ಟಿನ ಒಳಬದಿಗೆ ತಾಗಿಸಿ ಟ್ರಿಗರ್ ಒತ್ತಿ ಉಳಿದ ಒತ್ತಡವನ್ನು ಬಿಡುವುದು. ಕೊನೆಗೆ ಮತ್ತೆ ಬೀಗ ಹಾಕುವುದು. ಎಲ್ಲ ಸೇರಿ ಒಂದು ನಿಮಿಷ ಹಿಡಿಯುತ್ತದೆ. ಊಟಕ್ಕೆ ಹೋಗುವಾಗಲೂ ಇದೇ ಕ್ರಮ. ಒತ್ತಡ ತುಂಬಿದ ಗನ್ನನ್ನು ಶಾಲೆಯ ಜಗುಲಿಯ ಮೇಲೆ ಇಟ್ಟು ಊಟಕ್ಕೆ ಹೋಗಿರುವುದನ್ನೂ, ಆಟದ ಬಿಡುವಿನಲ್ಲಿ ಮಕ್ಕಳು ಅದರ ಸುತ್ತ ನೆರೆದಿರುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಅಂದು ಏನೂ ಆಗಲಿಲ್ಲ.

ಪೈಪಿನಲ್ಲಿ ಸೋರಿಕೆ ಇದೆಯೇ ಎಂದು ಕೈಯಾಡಿಸಿ ನೋಡುವುದು ಇನ್ನೊಂದು ಅಪಾಯ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿನಿಂದ ಬರುವ ಧಾರೆಯೂ ಚರ್ಮವನ್ನು ತೂರಬಲ್ಲದು. ಅನುಮಾನವಿದ್ದರೆ ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಸೋರುವ ಪೈಪಿಗೆ ಟೇಪು ಸುತ್ತಿ, ಸೈಕಲ್ ಟ್ಯೂಬು ಕಟ್ಟಿ ಕೆಲಸ ಮುಂದುವರಿಸುವ ನಮ್ಮ ಜಾಣ್ಮೆ ನೀರಿನ ಪೈಪಿಗೆ ಸಲ್ಲುತ್ತದೆ, ಇದಕ್ಕಲ್ಲ. ಆ ಪೈಪನ್ನು ಬದಲಿಸಲೇಬೇಕು. ಗನ್ನಿನ ಮೂತಿಯ ಸುತ್ತ ಇರುವ ರಕ್ಷಕ ಕವಚವನ್ನು ಅಡ್ಡಿಯೆಂದು ಕಿತ್ತೆಸೆದಿರುವ ಯಂತ್ರವನ್ನು ಕೆಲಸದ ಸ್ಥಳದೊಳಗೆ ಬಿಡಬಾರದು.

ಕಂಪ್ರೆಸರಿನ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅದರ ತೊಟ್ಟಿಯ ತಳದಲ್ಲಿ ನೀರು ಸೇರುತ್ತದೆ. ದಿನವೂ ಕೆಳಗಿನ ತಿರುಪನ್ನು ತೆರೆದು ಬಸಿಯದಿದ್ದರೆ ಒಳಗಿನಿಂದ ತುಕ್ಕು ತಿಂದು ತೊಟ್ಟಿ ಒಂದು ದಿನ ಸಿಡಿಯಬಹುದು. ಒತ್ತಡ ಹೆಚ್ಚಾದಾಗ ತಾನಾಗಿ ತೆರೆದುಕೊಳ್ಳುವ ಸುರಕ್ಷಾ ಕವಾಟವನ್ನು ಶಬ್ದ ಬರುತ್ತದೆಂದು ತಂತಿಯಿಂದ ಕಟ್ಟುವುದು ಆತ್ಮಹತ್ಯೆಗೆ ಸಮಾನ. ಬೆಲ್ಟಿನ ಮೇಲೆ ಜಾಲರಿ ಇರಬೇಕು. ಸೀರೆಯ ಸೆರಗು, ಪಂಚೆಯ ಅಂಚು ಸಿಕ್ಕಿಕೊಳ್ಳುತ್ತದೆ. ಗಾಳಿಯ ಕೊಳವೆಯಿಂದ ಮೈಮೇಲಿನ ಧೂಳು ಹೊಡೆದುಕೊಳ್ಳುವುದನ್ನು ನಿಷೇಧಿಸಬೇಕು. ತಮಾಷೆಗೆಂದು ಆ ಕೊಳವೆಯನ್ನು ಜೊತೆಗಾರನ ದೇಹಕ್ಕೆ ಒಡ್ಡಿ, ಕರುಳು ಹರಿದು ಪ್ರಾಣವೇ ಹೋದ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾಗಿವೆ.

ಒತ್ತಡದಷ್ಟೇ ಗಮನ ಬೇಡುವುದು ಬಣ್ಣದ ಹಬೆ. ಗೋಡೆಗೆ ಹಚ್ಚುವ ನೀರಿನ ಬಣ್ಣಗಳಲ್ಲಿ ಈ ಭಯ ಕಡಿಮೆ. ಬಾಗಿಲು, ಕಿಟಕಿ, ಗ್ರಿಲ್ಲುಗಳಿಗೆ ಬಳಸುವ ಎನಾಮೆಲ್ ಮತ್ತು ಅದಕ್ಕೆ ಬೆರೆಸುವ ಟರ್ಪೆಂಟೈನ್, ಥಿನ್ನರುಗಳು ಹೊತ್ತಿಕೊಳ್ಳುವ ವಸ್ತುಗಳು. ಸಿಂಪಡಿಸಿದಾಗ ಇವು ಮಂಜಿನಂತೆ ಕೋಣೆ ತುಂಬುತ್ತವೆ. ಇವುಗಳ ಹಬೆ ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲಿ ಹರಿದು ಪಕ್ಕದ ಕೋಣೆಗೂ ಸೇರುತ್ತದೆ. ಶಾಲೆಯ ಬಾಗಿಲಿಗೆ ಬಣ್ಣ ಹೊಡೆಯುತ್ತಿರುವಾಗ ಪಕ್ಕದ ಅಕ್ಷರ ದಾಸೋಹದ ಅಡುಗೆ ಕೋಣೆಯಲ್ಲಿ ಒಲೆ ಉರಿಯುತ್ತಿದ್ದರೆ ಏನಾದೀತೆಂದು ವಿವರಿಸಬೇಕಾಗಿಲ್ಲ. ಆ ದಿನ ಒಲೆ ಆರಿರಬೇಕು, ಸಿಲಿಂಡರು ಹೊರಗಿರಬೇಕು, ಬೀಡಿ ಸಿಗರೇಟುಗಳು ಗೇಟಿನಾಚೆ ಇರಬೇಕು. ಬಣ್ಣ ರಭಸದಿಂದ ಹರಿಯುವಾಗ ಸ್ಥಿರ ವಿದ್ಯುತ್ತಿನ ಕಿಡಿ ಹುಟ್ಟುವುದರಿಂದ ಥಿನ್ನರಿನಲ್ಲಿ ಯಂತ್ರ ತೊಳೆಯುವಾಗ ಪ್ಲಾಸ್ಟಿಕ್ ಬಕೆಟ್ ಬಳಸದೆ ಲೋಹದ ಬಕೆಟ್ಟನ್ನೇ ಬಳಸಬೇಕು, ಅದಕ್ಕೆ ಭೂಸಂಪರ್ಕ ಇರಬೇಕು. ಮೋಟಾರಿರುವ ಪಂಪನ್ನು ಸಿಂಪಡಿಸುವ ಸ್ಥಳದಿಂದ 20 ಅಡಿಯಾದರೂ ದೂರ ಇಡಬೇಕು. ಕಂಬದಿಂದ ಕೊಕ್ಕೆ ಹಾಕಿ ವಿದ್ಯುತ್ ಎಳೆಯುವುದನ್ನೂ, ಅರ್ಥ್ ಇಲ್ಲದ ಎರಡು ತಂತಿಯಲ್ಲಿ ಯಂತ್ರ ಓಡಿಸುವುದನ್ನೂ ಪಂಚಾಯತಿಯ ಕಾಮಗಾರಿಯಲ್ಲಾದರೂ ಸಹಿಸಬಾರದು.

ಮುಖಕ್ಕೆ ಟವೆಲ್ಲು ಸುತ್ತಿಕೊಂಡರೆ ಹಬೆ ತಡೆಯುವುದಿಲ್ಲ. ಕೊರೊನಾ ಕಾಲದಲ್ಲಿ ನಾವೆಲ್ಲ ತೊಟ್ಟ ಮಾಸ್ಕು ಧೂಳಿನ ಕಣವನ್ನು ತಡೆದೀತು, ದ್ರಾವಕದ ಹಬೆಯನ್ನಲ್ಲ. ಅದಕ್ಕೆ ಇದ್ದಿಲಿನ ಡಬ್ಬಿ ಅಳವಡಿಸಿದ ಮಾಸ್ಕು ಬೇಕು, ಕಣ್ಣಿಗೆ ಕನ್ನಡಕ ಬೇಕು. ಆದರೆ ಈ ಮಾಸ್ಕು ಕೂಡ ಕೆಲಸಕ್ಕೆ ಬಾರದ ಒಂದು ಸ್ಥಳವಿದೆ: ನೀರಿನ ತೊಟ್ಟಿಯ ಒಳಭಾಗ. ಮೇಲ್ತೊಟ್ಟಿಯೊಳಗೆ ಅಥವಾ ನೆಲತೊಟ್ಟಿಯೊಳಗೆ ಇಳಿದು ದ್ರಾವಕದ ಬಣ್ಣ ಸಿಂಪಡಿಸಿದರೆ ಹಬೆಯು ಹೊರಹೋಗಲು ದಾರಿಯಿಲ್ಲದೆ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ಇದ್ದಿಲಿನ ಮಾಸ್ಕು ಗಾಳಿಯನ್ನು ಶೋಧಿಸಬಲ್ಲದು, ಇಲ್ಲದ ಆಮ್ಲಜನಕವನ್ನು ತರಲಾರದು. ಒಳಗೆ ಬಿದ್ದವನನ್ನು ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ. ತೊಟ್ಟಿಯ ಒಳಗೆ ಇಂತಹ ಯಂತ್ರ ಬೇಡವೆಂಬುದೇ ನನ್ನ ಖಚಿತ ಅಭಿಪ್ರಾಯ. ಒಳಲೇಪನ ಅನಿವಾರ್ಯವಾದರೆ ಕುಡಿಯುವ ನೀರಿಗೆ ತಕ್ಕ ಲೇಪನವನ್ನು, ಗಾಳಿ ಊದುವ ಫ್ಯಾನು, ಸೊಂಟಕ್ಕೆ ಹಗ್ಗ, ಮೇಲೆ ಕಾವಲಿಗೆ ಇಬ್ಬರು, ಇಷ್ಟೂ ಇದ್ದಾಗ ಮಾತ್ರ, ಅನುಭವಿಗಳಿಂದಲೇ ಮಾಡಿಸತಕ್ಕದ್ದು.

ಹಳೆಯ ಕಟ್ಟಡಗಳ ಬಗ್ಗೆಯೂ ಒಂದು ಮಾತು. ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣವು ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ಕೇಂದ್ರದ ನಿಯಮಗಳು 2016ರಲ್ಲಿ ಪ್ರಕಟವಾಗಿ, 2017ರ ನವೆಂಬರ್ 1ರಿಂದ ಜಾರಿಗೆ ಬಂದವು. ಅದಕ್ಕೂ ಹಿಂದೆ ಹಚ್ಚಿದ ಎನಾಮೆಲ್ ಪದರಗಳಲ್ಲಿ ಸೀಸ ಹೆಚ್ಚಿರಬಹುದು. ಹೊಸ ಬಣ್ಣ ಹೊಡೆಯುವ ಮುನ್ನ ಹಳೆಯದನ್ನು ಒಣದಾಗಿ ಉಜ್ಜಿದರೆ ಆ ಧೂಳು ಅಂಗನವಾಡಿಯ ನೆಲದ ಮೇಲೆ ಕೂರುತ್ತದೆ. ಅದೇ ನೆಲದ ಮೇಲೆ ಕೂಸುಗಳು ತೆವಳಿ, ಕೈಯನ್ನು ಬಾಯಿಗೆ ಹಾಕುತ್ತವೆ. ಮೇಲ್ಮೈಯನ್ನು ನೀರಿನಿಂದ ಒದ್ದೆ ಮಾಡಿ ಉಜ್ಜಿಸಬೇಕು, ಕೆಳಗೆ ಹಾಳೆ ಹಾಸಿ ಧೂಳನ್ನು ಕೂಡಿಸಿ ತೆಗೆಸಬೇಕು, ನೆಲವನ್ನು ಒದ್ದೆ ಬಟ್ಟೆಯಿಂದ ಒರಸಿಸಬೇಕು.

ಬೆಳಿಗ್ಗೆ ಚಹಾ ವಿರಾಮದಲ್ಲಿ ಸದಸ್ಯೆಯೊಬ್ಬರು, "ಇಷ್ಟೆಲ್ಲ ಭಯವಿದ್ದರೆ ಯಂತ್ರವೇ ಬೇಡವೆಂದು ಠರಾವು ಮಾಡಿಬಿಡೋಣವೇ, ಸಾರ್?" ಎಂದು ಕೇಳಿದರು. ಹಾಗೆ ಮಾಡಬೇಕಿಲ್ಲ. ಉದ್ದನೆಯ ಕಾಂಪೌಂಡು ಗೋಡೆಗೆ, ಸಮುದಾಯ ಭವನದ ಎತ್ತರದ ಗೋಡೆಗೆ ಯಂತ್ರ ಉಪಯುಕ್ತವಾದುದೇ. ಉದ್ದ ಹಿಡಿಕೆ ಜೋಡಿಸಿದರೆ ಏಣಿ ಹತ್ತುವುದೂ ತಪ್ಪುತ್ತದೆ, ಮೇಲೆ ವಿದ್ಯುತ್ ತಂತಿ ಇಲ್ಲದಿದ್ದರೆ. ಎರಡು ಕೋಣೆಯ ಅಂಗನವಾಡಿಗೆ ಅದು ಬೇಡ. ಕಿಟಕಿ, ಕಪಾಟು, ನೆಲಕ್ಕೆ ಕಾಗದ ಹೊದಿಸಿ, ಕೊನೆಗೆ ಯಂತ್ರ ತೊಳೆಯುವಷ್ಟರಲ್ಲಿ ಇಬ್ಬರು ರೋಲರಿನಲ್ಲಿ ಕೆಲಸ ಮುಗಿಸಿರುತ್ತಾರೆ. ಗ್ರಿಲ್ಲಿಗಂತೂ ಸಿಂಪಡಿಸಿದ ಬಣ್ಣದಲ್ಲಿ ಬಹುಪಾಲು ಕಂಬಿಗಳ ನಡುವೆ ಹಾರಿಹೋಗುತ್ತದೆ.

ಪಂಚಾಯತಿಯ ಕೈಯಲ್ಲಿರುವ ಅಧಿಕಾರವೆಂದರೆ ಕಾರ್ಯಾದೇಶ ಮತ್ತು ದಿನಾಂಕ. ಕಾರ್ಯಾದೇಶದಲ್ಲಿ ಬಣ್ಣದ ಹೆಸರು, ಚದರ ಮೀಟರು, ದರ ಬರೆಯುತ್ತೇವೆ. ಅದರ ಕೆಳಗೆ ಇನ್ನೂ ಕೆಲವು ಸಾಲುಗಳಿಗೆ ಸ್ಥಳವಿದೆ: ಯಂತ್ರ ಬಳಸುವುದಾದರೆ ಮೂತಿಯ ಕವಚ, ಟ್ರಿಗರ್ ಬೀಗ ಸರಿಯಿರತಕ್ಕದ್ದು, ಯಂತ್ರ ನಡೆಸುವವನು 18 ವರ್ಷ ತುಂಬಿದವನೂ ಒತ್ತಡ ಇಳಿಸುವ ಕ್ರಮವನ್ನು ಬಲ್ಲವನೂ ಆಗಿರತಕ್ಕದ್ದು, ಮಕ್ಕಳಿರುವ ಸಮಯದಲ್ಲಿ ಕೆಲಸ ನಡೆಸತಕ್ಕದ್ದಲ್ಲ ಎಂದು. ಮಾಸ್ಕು, ಕನ್ನಡಕಗಳ ವೆಚ್ಚವನ್ನು ಅಂದಾಜಿನ ಹಂತದಲ್ಲಿಯೇ ಇಂಜಿನಿಯರರೊಡನೆ ಚರ್ಚಿಸಿರಿ. ಅತಿ ಕಡಿಮೆ ದರ ಹಿಡಿದವನು ಮೊದಲು ಕೈಬಿಡುವುದು ಇವುಗಳನ್ನೇ. ಬಣ್ಣದ ಕೆಲಸಗಾರರೂ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಅರ್ಹರು. 18ರಿಂದ 60 ವರ್ಷದೊಳಗಿನವರಾಗಿ, ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿರಬೇಕು. ನಾನು ಹೇಳಿದ ಯುವಕನು ನೋಂದಣಿ ಮಾಡಿಸಿರಲಿಲ್ಲ. ಆಸ್ಪತ್ರೆಯ ಖರ್ಚನ್ನು ತನ್ನ ಯಂತ್ರದ ಮುಂಗಡ ಹಣದಿಂದಲೂ ಹೆಂಡತಿಯ ಓಲೆಯಿಂದಲೂ ತೀರಿಸಿದ. ತಮ್ಮ ಊರಿನ ಪೇಂಟರುಗಳಲ್ಲಿ ಎಷ್ಟು ಮಂದಿ ನೋಂದಾಯಿತರೆಂದು ಮುಂದಿನ ಗ್ರಾಮ ಸಭೆಯಲ್ಲಿ ಒಮ್ಮೆ ಕೇಳಿ ನೋಡಬಹುದು.

ದಿನಾಂಕದ ವಿಷಯ ಹೇಳಿದೆನಲ್ಲ, ಅದನ್ನೂ ವಿವರಿಸುತ್ತೇನೆ. ಸ್ವಾತಂತ್ರ್ಯ ದಿನಾಚರಣೆಗೋ, ರಾಜ್ಯೋತ್ಸವಕ್ಕೋ, ಮೇಲಧಿಕಾರಿಗಳ ಭೇಟಿಗೋ ಬಣ್ಣ ಹೊಡೆಸುವುದಾದರೆ ಹದಿನೈದು ದಿನ ಮುಂಚೆ ಆದೇಶ ಕೊಡಿ. ಬೇಸಿಗೆ ರಜೆಯಲ್ಲಿ ಮಾಡಿಸಿದರೆ ಇನ್ನೂ ಒಳಿತು. ಶಾಲೆ ಖಾಲಿ ಇರುತ್ತದೆ, ಗೋಡೆ ಒಣಗಿರುತ್ತದೆ, ಬಣ್ಣವೂ ನಿಲ್ಲುತ್ತದೆ. ಹಿಂದಿನ ದಿನ ಸಂಜೆಯ ಅವಸರದಲ್ಲಿ ಒಂದು ನಿಮಿಷದ ಒತ್ತಡ ಇಳಿಸುವ ಕೆಲಸ ಯಾರಿಗೂ ನೆನಪಾಗುವುದಿಲ್ಲ.

ಹೊರಗಿನ ಅಂಗಳದಲ್ಲಿ ಏರ್‌ಲೆಸ್ ಯಂತ್ರವೊಂದನ್ನು ಇರಿಸಲಾಗಿದೆ. ಊಟಕ್ಕೆ ಮುನ್ನ, ಬಣ್ಣದ ಬದಲು ನೀರನ್ನು ತುಂಬಿ, ಧಾರೆಯು ರಟ್ಟಿನ ಹಾಳೆಯನ್ನು ಹೇಗೆ ತೂರುತ್ತದೆಂಬುದನ್ನೂ, ಒತ್ತಡ ಇಳಿಸುವ ಕ್ರಮವನ್ನೂ ತೋರಿಸುತ್ತೇನೆ. ಬೆರಳು ಕಳೆದುಕೊಂಡ ನನ್ನ ಶಿಷ್ಯನೂ ಬಂದಿದ್ದಾನೆ. ಯಂತ್ರ ನಡೆಸುವವನು ಆತನೇ. ತಾವೆಲ್ಲರೂ ಯಂತ್ರದಿಂದ ಹತ್ತು ಅಡಿ ಹಿಂದೆ ನಿಲ್ಲಬೇಕೆಂದು ಕೋರುತ್ತೇನೆ.